ನನ್ನ ಪಾಠದಿಂದ ಮಕ್ಕಳಿಗೆ ಏನಾಯಿತು?

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಬೋಧಿಸುವ ಶಿಕ್ಷಕಿ. ಕಳೆದ ವರ್ಷ ಐದನೆಯ ತರಗತಿಯಲ್ಲಿದ್ದ ಮಕ್ಕಳೇ ಮೇ ಕೊನೆಯಲ್ಲಿ ಆರನೆಯ ತರಗತಿಗೆ ಬಂದು ನನ್ನೆದುರು ಕೂರುತ್ತಾರೆ. ಅಂಕಗಳೇನೋ ಪರವಾಗಿಲ್ಲ, ಆದರೆ ನನ್ನಿಂದ ಅವರಿಗೆ ನಿಜವಾಗಿ ಏನಾದರೂ ಆಯಿತೇ ಎಂಬುದನ್ನು ತಿಳಿಯುವುದು ಹೇಗೆ?
– ಹೆಸರು ಬೇಡ, ಯಾದಗಿರಿ ಜಿಲ್ಲೆ

ಉತ್ತರ: ಶಾಲೆ ತೆರೆದ ಮೇಲೆ ದಾಖಲಾತಿ ಆಂದೋಲನ, ಪಠ್ಯಪುಸ್ತಕ ವಿತರಣೆ, ವಿದ್ಯಾರ್ಥಿಗಳ ವಿವರ ದಾಖಲಿಸುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ ಮಾಹಿತಿ, ಕ್ರಿಯಾಯೋಜನೆ ಎನ್ನುವಷ್ಟರಲ್ಲಿ ಜೂನ್ ಕಳೆದುಹೋಗುವುದರಿಂದ, ಕಳೆದ ವರ್ಷದ ಹಾಜರಿ ಪುಸ್ತಕವನ್ನು ಈಗಲೇ ಎದುರಿಗಿಟ್ಟುಕೊಳ್ಳಿ. ಪ್ರತಿಯೊಂದು ಹೆಸರಿನ ಮುಂದೆಯೂ, ಅಂಕವನ್ನಾಗಲಿ ಶ್ರೇಣಿಯನ್ನಾಗಲಿ ತರದೆ, ವರ್ಷದ ಆರಂಭದಲ್ಲಿ ಆ ಮಗುವಿಗೆ ಬಾರದಿದ್ದು ಕೊನೆಯ ಹೊತ್ತಿಗೆ ಬಂದ ಒಂದು ಸಂಗತಿಯನ್ನು ಬರೆಯಿರಿ: 612ನ್ನು 6ರಿಂದ ಭಾಗಿಸಿ 12 ಎನ್ನುತ್ತಿದ್ದವನು ನಡುವಿನ ಸೊನ್ನೆಯನ್ನು ಬಿಡದೆ 102 ಎನ್ನತೊಡಗಿದ, ಲೆಕ್ಕ ತಪ್ಪಿದೊಡನೆ ಅಳಿಸಿಬಿಡುತ್ತಿದ್ದವಳು ಎಲ್ಲಿ ತಪ್ಪಿತೆಂದು ಕೇಳತೊಡಗಿದಳು, ಎಂಬಂಥವು. ಜಾಣರೆನಿಸಿಕೊಂಡವರ ಮತ್ತು ತಂಟೆಕೋರರ ಹೆಸರಿನ ಮುಂದೆ ಪೆನ್ನು ಸರಾಗವಾಗಿ ಓಡುತ್ತದೆ. ಗಲಾಟೆಯನ್ನೂ ಮಾಡದ, ಕೈಯನ್ನೂ ಎತ್ತದ ಮಕ್ಕಳ ಹೆಸರು ಬಂದಾಗ ಅದು ತಡೆಯುತ್ತದೆ. ಅಂಥ ಹೆಸರುಗಳಿಗೆ ಗುರುತು ಹಾಕಿಕೊಂಡು, ಹೊಸ ವರ್ಷದ ಮೊದಲ ವಾರಗಳಲ್ಲಿ ಆ ಮಕ್ಕಳ ನೋಟ್ ಪುಸ್ತಕಗಳನ್ನೇ ಮೊದಲು ತೆರೆಯಿರಿ.

ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತೀರಿ ಎಂಬುದನ್ನೂ ನೆನೆದು ನೋಡಿ. 1970ರ ದಶಕದಲ್ಲಿ ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದಾಗ, ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದೂ, ಹಿಂದುಳಿದವರೆಂದು ತಾವು ಭಾವಿಸಿದ ಮಕ್ಕಳಿಗೆ ಇನ್ನೂ ಕಡಿಮೆ ಅವಕಾಶ ಕೊಡುತ್ತಾರೆಂದೂ ಕಂಡುಬಂತು. ಆ ಮೌನವನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ದೀರ್ಘವಾದವು, ಬಾಯಿಬಿಡದ ಮಕ್ಕಳು ಕಡಿಮೆಯಾದರು. ಮೊಬೈಲಿನಲ್ಲಿ ನಿಮ್ಮದೇ ಒಂದು ಪಾಠವನ್ನು ಮುದ್ರಿಸಿಕೊಂಡು ಕೇಳಿದರೆ, ಯಾವ ತರಬೇತಿ ಶಿಬಿರವೂ ಹೇಳದ ಸಂಗತಿಗಳು ತಿಳಿಯುತ್ತವೆ ಎಂಬುದು ನನ್ನ ಅಭಿಪ್ರಾಯ.

ವರ್ಷಾರಂಭದಲ್ಲಿ ಹಿಂದಿನ ತರಗತಿಯ ಕಲಿಕೆಯ ಕೊರತೆ ತುಂಬುವ ಸೇತುಬಂಧ ಕಾರ್ಯಕ್ರಮದ ಪೂರ್ವ ಪರೀಕ್ಷೆಯನ್ನು ಹಿಂದಿನ ವರ್ಷದ ಶಿಕ್ಷಕರನ್ನು ದೂರಲು ಬಳಸುವವರಿದ್ದಾರೆ. (ಹಿಂದಿನ ವರ್ಷದ ಶಿಕ್ಷಕಿ ನೀವೇ ಆಗಿರುವುದರಿಂದ ಆ ಅನುಕೂಲ ನಿಮಗಿಲ್ಲ!) ತರಗತಿಯ ಬಹುಪಾಲು ಮಕ್ಕಳು ಒಂದೇ ಬಗೆಯಲ್ಲಿ ತಪ್ಪಿದ್ದರೆ, ಆ ಭಾಗವನ್ನು ಕಲಿಸಿದ ಕ್ರಮವನ್ನೇ ಬದಲಿಸಬೇಕು. ಇಬ್ಬರೋ ಮೂವರೋ ಮಾತ್ರ ತಪ್ಪಿದ್ದರೆ ಅವರ ಹಾಜರಿಯನ್ನು ನೋಡಿ. ತಂದೆತಾಯಿಯರೊಡನೆ ಬೆಂಗಳೂರಿಗೆ ಗುಳೆ ಹೋಗಿ ತಿಂಗಳುಗಟ್ಟಲೆ ಪಾಠ ತಪ್ಪಿಸಿಕೊಂಡ ಮಗುವಿನ ಕೊರತೆಯನ್ನು ನಿಮ್ಮ ತಲೆಯ ಮೇಲೆ ಹೊತ್ತುಕೊಳ್ಳಬೇಕಿಲ್ಲ. ಆದರೆ ಊರಿಗೆ ಮರಳಿದ ಆ ಮಗುವನ್ನು ನೀವು ಎಲ್ಲಿ ಕೂರಿಸಿದಿರಿ, ಯಾವ ಪುಟದಿಂದ ಆರಂಭಿಸಿದಿರಿ ಎಂಬುದು ನಿಮ್ಮ ಲೆಕ್ಕಕ್ಕೆ ಸೇರುತ್ತದೆ.

ಪ್ರಶ್ನೆ: ಶಿಕ್ಷಕರ ಬಗ್ಗೆ ಮಕ್ಕಳಿಂದಲೇ ಅಭಿಪ್ರಾಯ ಬರೆಸಿಕೊಳ್ಳುವುದು ಸರಿಯೇ?
– ಮುಖ್ಯ ಶಿಕ್ಷಕರು, ಹಾಸನ

ಉತ್ತರ: ಸರಿಯೇ. ಆದರೆ ಯಾವ ಮೇಷ್ಟ್ರು ಇಷ್ಟ ಎಂದು ಕೇಳಿದರೆ ಜನಪ್ರಿಯತೆ ತಿಳಿಯುತ್ತದೆಯೇ ಹೊರತು ಕಲಿಕೆ ತಿಳಿಯುವುದಿಲ್ಲ. ಪಾಠ ಅರ್ಥವಾಗದಿದ್ದಾಗ ಯಾರನ್ನು ಕೇಳುತ್ತೀಯ ಎಂದು ಪ್ರತಿ ವಿಷಯಕ್ಕೂ ಕೇಳಿ. ಶಿಕ್ಷಕರು, ಗೆಳೆಯರು, ಮನೆಯವರು, ಯಾರನ್ನೂ ಇಲ್ಲ ಎಂಬ ಆಯ್ಕೆಗಳನ್ನು ಕೊಡಿ. ಹೆಸರಿಲ್ಲದಿದ್ದರೂ ಕೈಬರಹದಿಂದ ಗುರುತು ಸಿಗುತ್ತದೆಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತಿರುವುದರಿಂದ, ಬರೆಸದೆ ಸರಿ ಗುರುತನ್ನಷ್ಟೇ ಹಾಕಿಸಿ. ಚೀಟಿಗಳನ್ನು ನೀವು ಓದದೆ ಆಯಾ ಶಿಕ್ಷಕರ ಕೈಗೇ ಕೊಡಿ. ಅವು ನಿಮ್ಮ ಮೇಜಿನ ಮೇಲೆ ಸೇರಿದರೆ ತಪಾಸಣೆಯಾಗುತ್ತದೆ, ಮುಂದಿನ ವರ್ಷ ಯಾರೂ ಒಪ್ಪುವುದಿಲ್ಲ.