ಕೂತರೆ ಉರಿ, ಎದ್ದರೆ ಆರಾಮ: ನರ ಸಿಕ್ಕಿಕೊಂಡಿದೆಯೇ?

ಪ್ರಶ್ನೆ: ನನಗೆ 43 ವರ್ಷ. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಮೀನಿನ ಟೆಂಪೋ ಓಡಿಸುತ್ತೇನೆ. ಎಂಟು ತಿಂಗಳಿಂದ ವೃಷಣದ ಹಿಂದಿನಿಂದ ಗುದದ್ವಾರದವರೆಗೆ ಉರಿ, ಬಲಗಡೆ ಹೆಚ್ಚು. ಯಲ್ಲಾಪುರ ಮುಟ್ಟುವಷ್ಟರಲ್ಲಿ ಕೂರಲಾಗುವುದಿಲ್ಲ. ಎದ್ದು ನಿಂತರೆ ಇಳಿಯುತ್ತದೆ, ರಾತ್ರಿ ನಿದ್ದೆಗೆ ತೊಂದರೆಯಿಲ್ಲ. ಮೂಲವ್ಯಾಧಿ ಎಂದು ಔಷಧಿ ಮಾಡಿಸಿದೆ, ಗುಣ ಕಾಣಲಿಲ್ಲ. ಎಂಆರ್‌ಐನಲ್ಲಿ ಸೊಂಟದ ಡಿಸ್ಕ್ ಸ್ವಲ್ಪ ಉಬ್ಬಿದೆಯಂತೆ. ಶುಗರ್ ಕೂಡ ಇದೆ. ‘ನರ ಸಿಕ್ಕಿಕೊಂಡಿದೆ, ಆಪರೇಷನ್ ಬೇಕಾಗಬಹುದು’ ಎಂದು ಒಬ್ಬರು ಹೇಳಿದ್ದಾರೆ. ಮಾಡಿಸಲೇ?

ಉತ್ತರ: ಅನುಮಾನ ಸರಿಯಿರಬಹುದು. ಆಪರೇಷನ್ನಿನ ಮಾತು ಮಾತ್ರ ಈಗಲೇ ಬೇಡ.

ನೀವು ಹೇಳುವ ಜಾಗಕ್ಕೆ ಬರುವುದು ಪುಡೆಂಡಲ್ ನರ. ಬೆನ್ನುಹುರಿಯ ತುದಿಯ ಎಸ್2, ಎಸ್3, ಎಸ್4 ಬೇರುಗಳಿಂದ ಹುಟ್ಟಿ, ಪೃಷ್ಠದ ಆಳದಲ್ಲಿ ಎರಡು ಗಟ್ಟಿ ಅಸ್ಥಿಬಂಧಗಳ ನಡುವೆ ನುಸುಳಿ, ಆಲ್ಕಾಕ್ ನಾಳವೆಂಬ ಇಕ್ಕಟ್ಟಿನ ದಾರಿಯಲ್ಲಿ ಸಾಗುತ್ತದೆ. ಸಿಕ್ಕಿಕೊಳ್ಳುವುದು ಹೆಚ್ಚಾಗಿ ಈ ಎರಡು ಕಡೆ. ಕೂತಾಗ ಅಲ್ಲಿ ಒತ್ತಡ ಬೀಳುತ್ತದೆ, ಎದ್ದಾಗ ಬಿಡುತ್ತದೆ.

ಇದನ್ನು ಯಾವ ಸ್ಕ್ಯಾನೂ ಖಚಿತವಾಗಿ ತೋರಿಸುವುದಿಲ್ಲ. ರೋಗಿಯನ್ನು ಕೂರಿಸಿಕೊಂಡು ಕೇಳಬೇಕು. ಫ್ರಾನ್ಸಿನ ನಾಂತ್ ಊರಿನಲ್ಲಿ ತಜ್ಞರು ಸೇರಿ ಗೊತ್ತುಮಾಡಿದ, 2008ರಲ್ಲಿ ಪ್ರಕಟವಾದ ಐದು ಲಕ್ಷಣಗಳನ್ನೇ ಇಂದಿಗೂ ನೋಡುವುದು: ನೋವು ಆ ನರದ ಜಾಗದಲ್ಲೇ ಇರಬೇಕು, ಕೂತಾಗ ಹೆಚ್ಚಬೇಕು, ರಾತ್ರಿ ನಿದ್ದೆಯಿಂದ ಎಬ್ಬಿಸಬಾರದು, ಪರೀಕ್ಷಿಸಿದಾಗ ಸ್ಪರ್ಶಜ್ಞಾನ ಕಳೆದಿರಬಾರದು, ನರದ ಬಳಿ ಅರಿವಳಿಕೆ ಚುಚ್ಚಿದರೆ ಆರಬೇಕು. ಮೊದಲ ಮೂರು ನಿಮ್ಮ ಪತ್ರದಲ್ಲೇ ಇವೆ. ಇನ್ನೊಂದು ನೀವೇ ಗಮನಿಸಿ: ವೆಸ್ಟರ್ನ್ ಕಮೋಡಿನ ಮೇಲೆ ಕೂತಾಗ ಕುರ್ಚಿಗಿಂತ ಹಾಯೆನಿಸುತ್ತದೆಯೇ? ಈ ನರದ ತೊಂದರೆಯಿದ್ದವರು ಬಹಳ ಮಂದಿ ಹೌದೆನ್ನುತ್ತಾರೆ.

ನಾಲ್ಕನೆಯದನ್ನು ವೈದ್ಯರೇ ಮುಟ್ಟಿ ನೋಡಬೇಕು. ಅಲ್ಲಿ ನಿಜಕ್ಕೂ ಜೋಮು ಹಿಡಿದಿದ್ದರೆ ತೊಂದರೆ ಮೇಲೆ, ನರದ ಬೇರಿನಲ್ಲೇ ಇರಬಹುದು. ಐದನೆಯದರಲ್ಲಿ ಒಂದು ಮೋಸವಿದೆ. ಚುಚ್ಚುಮದ್ದಿಗೆ ನೋವು ಆರಿದರೆ ಅದು ಆ ನರದ ಮೂಲಕ ಬರುತ್ತಿದೆ ಎಂದಷ್ಟೇ ಅರ್ಥ, ನರ ಸಿಕ್ಕಿಕೊಂಡಿದೆ ಎಂದಲ್ಲ. ಅದೇ ನರದ ಹರವಿನಲ್ಲಿರುವ ಬೇರೆ ಕಾಯಿಲೆಯ ನೋವೂ ಆಗ ಆರೀತು.

ಉಳಿದವನ್ನು ಬೇರ್ಪಡಿಸುವುದು ಹೀಗೆ. ಮಲದ್ವಾರದ ಬಿರುಕಾದರೆ ಕಕ್ಕಸಿಗೆ ಹೋದಾಗ ಮತ್ತು ಆಮೇಲೆ ಕೊಯ್ದಂಥ ನೋವು. ಬಾಲಮೂಳೆಯದಾದರೆ ಬೆರಳಿಟ್ಟು ತೋರಿಸುವ ಒಂದೇ ಜಾಗ. ಶುಗರಿನ ನರಬೇನೆ ಸಾಮಾನ್ಯವಾಗಿ ಎರಡೂ ಪಾದಗಳಿಂದ ಶುರುವಾಗಿ ರಾತ್ರಿ ಜೋರಾಗುತ್ತದೆ, ನಿಮ್ಮದು ಹಾಗಿಲ್ಲ. ಡಿಸ್ಕ್ ಉಬ್ಬಿದ್ದಕ್ಕೆ ನಾನು ಬೆಲೆ ಕೊಡುವುದಿಲ್ಲ, ನಿಮ್ಮ ವಯಸ್ಸಿನಲ್ಲಿ ನೋವೇ ಇಲ್ಲದವರ ಎಂಆರ್‌ಐನಲ್ಲೂ ಅದು ಕಾಣುತ್ತದೆ. ತೀರಾ ಹತ್ತಿರದ ಹೋಲಿಕೆಯೆಂದರೆ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಬಿಗಿದುಕೊಳ್ಳುವುದು. ವೈದ್ಯರು ಗುದದ್ವಾರದ ಒಳಗಿನಿಂದ ಬೆರಳಿನಲ್ಲಿ ಒತ್ತಿ ನೋಡಿದರೆ ಆ ಸ್ನಾಯು ನೋಯುತ್ತದೆ. ನಾಚಿಕೆಯಿಂದ ಈ ಪರೀಕ್ಷೆಯನ್ನು ತಪ್ಪಿಸಿಕೊಳ್ಳಬೇಡಿ. ಸ್ನಾಯು ಬಿಗಿದಿದ್ದರೆ, ಯಾರೋ ಹೇಳಿದರೆಂದು ಮಾಡುವ, ಅದೇ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕೀಗಲ್ ವ್ಯಾಯಾಮದಿಂದ ನೋವು ಹೆಚ್ಚಲೂಬಹುದು. ಅಲ್ಲಿ ಬೇಕಾದದ್ದು ಸಡಿಲಿಸುವುದನ್ನು ಕಲಿಸುವ ಫಿಸಿಯೋಥೆರಪಿ.

ಮೂತ್ರ ಕಟ್ಟುವುದು, ತಿಳಿಯದೆ ಮಲಮೂತ್ರ ಹೋಗುವುದು, ತೊಡೆಸಂದು ಮರಗಟ್ಟುವುದು, ಕಾಲಿನ ಬಲ ಕುಂದುವುದು, ಇವುಗಳಲ್ಲಿ ಒಂದು ಕಂಡರೂ ಲೋಡನ್ನು ಅಲ್ಲೇ ಬಿಟ್ಟು ಅಂದೇ ದೊಡ್ಡ ಆಸ್ಪತ್ರೆಗೆ ಹೋಗಿ.

ಅದಿಲ್ಲದಿದ್ದರೆ ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ನರರೋಗ ತಜ್ಞರನ್ನು ಇಲ್ಲವೇ ನೋವು ಚಿಕಿತ್ಸೆಯ ವೈದ್ಯರನ್ನು ಕಾಣಿ. ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್‌ನಂಥ ಮಾತ್ರೆ, ಫಿಸಿಯೋಥೆರಪಿ, ಚುಚ್ಚುಮದ್ದು ಮೊದಲು. ಇವ್ಯಾವುದಕ್ಕೂ ಬಗ್ಗದಿದ್ದರೆ ನರ ಬಿಡಿಸುವ ಆಪರೇಷನ್. ಈ ಮಾತ್ರೆಗಳಿಗೆ ತೂಕಡಿಕೆ ಬರುತ್ತದೆ, ಘಟ್ಟದಲ್ಲಿ ಗಾಡಿ ಓಡಿಸುವವರೆಂದು ವೈದ್ಯರಿಗೆ ಮೊದಲೇ ಹೇಳಿ. ಅಲ್ಲಿಯವರೆಗೆ ನಡುವೆ ಕತ್ತರಿಸಿದ ಫೋಮ್ ದಿಂಬು ಹಾಕಿಕೊಂಡು ಕೂರಿ, ಭಾರ ಎರಡೂ ಬದಿಯ ಮೂಳೆಗಳ ಮೇಲೆ ಬೀಳಲಿ. ಉರಿ ಶುರುವಾಗುವ ಮೊದಲೇ ಗಾಡಿ ನಿಲ್ಲಿಸಿ ಇಳಿಯಿರಿ, ಯಲ್ಲಾಪುರದವರೆಗೆ ಹಲ್ಲು ಕಚ್ಚಿಕೊಂಡು ಕೂರಬೇಡಿ.