ಒಂದು ಕಡತಕ್ಕೆ ಹಲವು ಒಡಲುಗಳು ಬೇಕೇ?

ಪ್ರಶ್ನೆ: ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವಿಂಡೋಸ್‌ನ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಒಂದೇ ಕಡತಕ್ಕೆ ಹಲವು ಡೇಟಾ ಸ್ಟ್ರೀಮ್‌ಗಳನ್ನು, ಅಂದರೆ ಮುಖ್ಯ ದತ್ತಾಂಶದ ಜೊತೆಗೆ ಬೇರೆ ಹೆಸರಿನ ದತ್ತಾಂಶದ ಕವಲುಗಳನ್ನು, ಸೇರಿಸಬಹುದು. ಇಂಥ ಉಪಯುಕ್ತ ಸೌಲಭ್ಯವನ್ನು ಲಿನಕ್ಸ್ ಮೊದಲಾದ ಆಪರೇಟಿಂಗ್ ಸಿಸ್ಟಮ್‌ಗಳೂ ಕೊಡಬೇಕಲ್ಲವೇ?

ಉತ್ತರ: ಈ ಪ್ರಶ್ನೆ ನಾನಾ ವೇಷಗಳಲ್ಲಿ ಬರುತ್ತಲೇ ಇರುವುದರಿಂದ ಒಮ್ಮೆ ವಿವರವಾಗಿ ಬರೆದುಬಿಡುತ್ತೇನೆ. ಕೊಡಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಕಡತದ ಹೆಸರಿನ ನಂತರ ಕೋಲನ್ ಹಾಕಿ ಸ್ಟ್ರೀಮ್ ತೆರೆಯುವ ಬಗೆಯನ್ನು ಇಲ್ಲಿ ಹೇಳಿಕೊಡುವುದಿಲ್ಲ.

1993ರಲ್ಲಿ ವಿಂಡೋಸ್ ಎನ್‌ಟಿ 3.1ರೊಂದಿಗೆ ಎನ್‌ಟಿಎಫ್‌ಎಸ್ ಬಂದಾಗ ಈ ಏರ್ಪಾಡಿಗೆ ಒಂದು ನೈಜ ಕಾರಣವಿತ್ತು. ಮ್ಯಾಕಿಂಟಾಷ್ ಕಡತಗಳಲ್ಲಿ ದತ್ತಾಂಶಕ್ಕೊಂದು, ಐಕಾನ್, ಮೆನು ಮುಂತಾದ ಸಂಪನ್ಮೂಲಗಳಿಗೊಂದು ಎಂದು ಎರಡು ಕವಲುಗಳಿರುತ್ತಿದ್ದುದರಿಂದ, ಅವನ್ನು ಎನ್‌ಟಿ ಸರ್ವರ್‌ನಲ್ಲಿ ಕೆಡದಂತೆ ಇಡಲು ಎರಡನೆಯ ಕವಲಿಗೂ ಜಾಗ ಬೇಕಾಗಿತ್ತು. ಆದರೆ ಆ ಅಗತ್ಯವನ್ನು ಹುಟ್ಟಿಸಿದ ಆಪಲ್ ಸಂಸ್ಥೆಯೇ 2001ರ ಮ್ಯಾಕ್ ಒಎಸ್ ಟೆನ್‌ನಲ್ಲಿ ಸಂಪನ್ಮೂಲಗಳನ್ನು ಫೋಲ್ಡರ್‌ನೊಳಗಿನ ಸಾಮಾನ್ಯ ಕಡತಗಳಾಗಿ ಇಡುವ ಪದ್ಧತಿಗೆ ಹೊರಳಿತು ಎಂಬುದನ್ನು ಸ್ಟ್ರೀಮ್ ಅಭಿಮಾನಿಗಳು ಯಾರೂ ನೆನೆಯುವುದಿಲ್ಲ.

ಸ್ಟ್ರೀಮನ್ನು ಡಿಸ್ಕಿನಲ್ಲಿ ಇಡುವುದು ಸುಲಭ. ಅದನ್ನು ಹೊತ್ತು ಸಾಗಿಸುವವರಿಲ್ಲದಿರುವುದೇ ತೊಡಕು. ಸ್ಟ್ರೀಮ್ ಸೌಲಭ್ಯವಿಲ್ಲದ ಎಫ್‌ಎಟಿ32 ಅಥವಾ ಎಕ್ಸ್‌ಎಫ್‌ಎಟಿ ವ್ಯವಸ್ಥೆಯ ಪೆನ್‌ಡ್ರೈವ್‌ಗೆ ನಕಲಿಸಿದರೆ, ಇಮೇಲ್‌ಗೆ ಲಗತ್ತಿಸಿದರೆ, ಜಾಲತಾಣಕ್ಕೆ ಏರಿಸಿದರೆ, ಕಡತಗಳ ಆವೃತ್ತಿಗಳನ್ನು ಕಾಯ್ದಿಡುವ ಗಿಟ್‌ಗೆ ಸೇರಿಸಿದರೆ ಮುಖ್ಯ ಭಾಗವಷ್ಟೇ ಸಾಗುತ್ತದೆ, ಉಳಿದದ್ದು ಬಹುತೇಕ ಸದ್ದಿಲ್ಲದೆ ಉದುರುತ್ತದೆ. ಪರಿಶೀಲನೆಯ ಟಿಪ್ಪಣಿಗಳನ್ನೆಲ್ಲ ಸ್ಟ್ರೀಮ್‌ಗಳಲ್ಲಿ ಇಟ್ಟಿದ್ದ ಸಂಸ್ಥೆಯೊಂದು ಬ್ಯಾಕಪ್‌ನಿಂದ ಕಡತಗಳನ್ನು ಮರಳಿ ತಂದಾಗ ಟಿಪ್ಪಣಿಗಳಷ್ಟೂ ಮಾಯವಾಗಿದ್ದುದನ್ನು ನಾನೇ ನೋಡಿದ್ದೇನೆ. ಕಡತ ಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಲು ಲೆಕ್ಕಹಾಕುವ ಚೆಕ್‌ಸಮ್‌ಗಳು ಮಾತ್ರ ಒಂದೂ ತಪ್ಪದೆ ತಾಳೆಯಾಗುತ್ತಿದ್ದವು, ಏಕೆಂದರೆ ಸಾಮಾನ್ಯ ಚೆಕ್‌ಸಮ್ ಉಪಕರಣ ಓದುವುದು ಮುಖ್ಯ ಸ್ಟ್ರೀಮನ್ನಷ್ಟೆ. ಎಲ್ಲವೂ ಸರಿಯಾಗಿದೆ ಎಂದು ವರದಿ ಕೊಟ್ಟ ನಿರ್ವಾಹಕರನ್ನು ಅಂದು ನಾನು ದೂರಲಿಲ್ಲ, ಈಗಲೂ ದೂರುವುದಿಲ್ಲ.

ಭದ್ರತೆಯ ಕಡೆಯಿಂದ ನೋಡಿದರೂ ಕಥೆ ಹಿತವಾಗಿಲ್ಲ. 1998ರಲ್ಲಿ ಮೈಕ್ರೋಸಾಫ್ಟ್‌ನ ಐಐಎಸ್ ವೆಬ್ ಸರ್ವರ್‌ನಲ್ಲಿ ವಿಳಾಸದ ಕೊನೆಗೆ ಮುಖ್ಯ ಸ್ಟ್ರೀಮಿನ ಹೆಸರನ್ನು ಅಂಟಿಸಿದರೆ, ಪುಟದ ಬದಲು ಅದನ್ನು ತಯಾರಿಸುವ ಪ್ರೋಗ್ರಾಮಿನ ಮೂಲವೇ ತೆರೆದುಕೊಳ್ಳುತ್ತಿತ್ತು. ಒಂದೇ ಕಡತವನ್ನು ಎರಡು ಹೆಸರುಗಳಿಂದ ಕರೆಯಬಹುದಾದರೆ, ಹೆಸರಿನ ಕೊನೆಯನ್ನು ನೋಡಿ ತೀರ್ಮಾನಿಸುವ ಪ್ರತಿಯೊಂದು ತಂತ್ರಾಂಶವೂ ಹೀಗೆ ಮೋಸಹೋಗಬಹುದು.

ಲಿನಕ್ಸ್‌ನಲ್ಲಿ ಇಂಥದ್ದೇನೂ ಇಲ್ಲ ಎನ್ನುವುದೂ ತಪ್ಪು. ಅಲ್ಲಿ ವಿಸ್ತೃತ ಗುಣಲಕ್ಷಣಗಳು, ಅಂದರೆ ಕಡತಕ್ಕೆ ಅಂಟಿಸುವ ಹೆಸರು ಮತ್ತು ಮೌಲ್ಯದ ಜೋಡಿಗಳು, ಇವೆ: ಲಿನಕ್ಸ್‌ನ ತಿರುಳಾದ ಕರ್ನಲ್ ಒಂದು ಮೌಲ್ಯಕ್ಕೆ 64 ಕಿಲೋಬೈಟ್‌ಗಳ ಮಿತಿ ಹಾಕಿದೆ, ಲಿನಕ್ಸ್‌ನ ಕಡತ ವ್ಯವಸ್ಥೆಯಾದ ಇಎಕ್ಸ್‌ಟಿ4ನಲ್ಲಿ ವಾಡಿಕೆಯ ಮಿತಿ ಅದಕ್ಕಿಂತಲೂ ಬಹಳ ಕಿರಿದು, ಅವನ್ನು ಕಡತದಂತೆ ತೆರೆದು ಚೂರುಚೂರಾಗಿ ಓದಲೂ ಬರುವುದಿಲ್ಲ. ಇದನ್ನು ಕೊರತೆಯೆಂದು ದೂರುವವರಿದ್ದಾರೆ. ಕಳೆದುಹೋದರೂ ನಡೆಯುವ ಒಂದು ಸಣ್ಣ ಗುರುತನ್ನು ಇಡಲು ಇಷ್ಟು ಸಾಕು, ಅದಕ್ಕಿಂತ ದೊಡ್ಡದನ್ನು ಅಲ್ಲಿ ಇಡಲೇಬಾರದು ಎಂಬುದು ನನ್ನ ವಾದ. ವಿಂಡೋಸ್‌ನಲ್ಲಿಯೂ ಸ್ಟ್ರೀಮಿನ ಅತ್ಯುತ್ತಮ ಬಳಕೆ ಇಂಥ ಗುರುತೇ ಆಗಿದೆ, ಅಂದರೆ ಅಂತರಜಾಲದಿಂದ ಬಂದ ಕಡತವನ್ನು ತೆರೆಯುವಾಗ ಎಚ್ಚರಿಸಲೆಂದು ಅದಕ್ಕೆ ಹಚ್ಚುವ ಝೋನ್ ಐಡೆಂಟಿಫೈಯರ್ ಎಂಬ ಕೆಲವೇ ಸಾಲಿನ ಚೀಟಿ. ಅದೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಐಎಸ್‌ಒ ಡಿಸ್ಕ್ ಇಮೇಜಿನೊಳಗೆ ಬಂದ ಕಡತಗಳಿಗೆ ಆ ಚೀಟಿ ಹತ್ತುತ್ತಿರಲಿಲ್ಲವಾದ್ದರಿಂದ ದಾಳಿಕೋರರು ಅದೇ ದಾರಿ ಹಿಡಿದರು, ಮೈಕ್ರೋಸಾಫ್ಟ್ 2022ರ ನವೆಂಬರ್‌ನಲ್ಲಿ ಆ ಕಿಂಡಿಯನ್ನು ಮುಚ್ಚಬೇಕಾಯಿತು.

ಒಂದೇ ಕಡತದಲ್ಲಿ ಪಠ್ಯ, ಚಿತ್ರ, ಟಿಪ್ಪಣಿ ಎಲ್ಲವೂ ಒಟ್ಟಿಗಿರಬೇಕು ಎನ್ನುವವರ ಬೇಡಿಕೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಡಾಕ್‌ಎಕ್ಸ್, ಒಡಿಟಿ ಕಡತಗಳಲ್ಲಿ ಆಗಲೇ ಇದೆ: ಅವು ಒಳಗೆ ಹಲವು ಭಾಗಗಳಿರುವ ಜಿಪ್ ಪೊಟ್ಟಣಗಳು, ಹೊರಗಿನಿಂದ ನೋಡುವವರಿಗೆ ಬರೀ ಬೈಟ್‌ಗಳ ಒಂದು ಸಾಲು. ಆದ್ದರಿಂದಲೇ ಅವು ಯಾವ ಡಿಸ್ಕಿನಲ್ಲಿಯೂ ಯಾವ ಜಾಲದಲ್ಲಿಯೂ ಇಡಿಯಾಗಿ ಉಳಿಯುತ್ತವೆ.

ಪ್ರಶ್ನೆ: ಗುಪ್ತಪದಗಳ ಪಟ್ಟಿಯನ್ನು ಸ್ಟ್ರೀಮಿನಲ್ಲಿ ಬಚ್ಚಿಡಬಹುದೇ?

ಉತ್ತರ: ಬೇಡ, ವಿಂಡೋಸ್ ವಿಸ್ಟಾದಿಂದ ಈಚೆಗೆ, ಕಡತಗಳನ್ನು ಪಟ್ಟಿಮಾಡುವ ಡಿಐಆರ್ ಆದೇಶಕ್ಕೆ ಆರ್ ಆಯ್ಕೆ ಸೇರಿಸಿದ ಯಾರಿಗಾದರೂ ಆ ಸ್ಟ್ರೀಮ್ ಕಾಣುತ್ತದೆ.

ಪ್ರಶ್ನೆ: ಸ್ಟ್ರೀಮಿನಲ್ಲಿ ವೈರಸ್ ಸೇರಿದರೆ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದೊಂದೇ ದಾರಿಯೇ?

ಉತ್ತರ: ಇದು ಕಟ್ಟುಕಥೆ; ಕಡತವನ್ನು ಅಳಿಸಿದರೆ ಅದರ ಸ್ಟ್ರೀಮ್‌ಗಳೂ ಅಳಿಯುತ್ತವೆ.

ಪ್ರಶ್ನೆ: ಶುದ್ಧೀಕರಣ ತಂತ್ರಾಂಶವೊಂದು ನನ್ನ ಗಣಕದಲ್ಲಿ ಸಾವಿರಾರು ಗುಪ್ತ ಸ್ಟ್ರೀಮ್‌ಗಳಿವೆ ಎಂದು ಹೆದರಿಸಿ ಹಣ ಕೇಳುತ್ತಿದೆ.

ಉತ್ತರ: ಅದು ಎಣಿಸಿರುವುದು ಬಹುಪಾಲು ಮೇಲೆ ಹೇಳಿದ ಝೋನ್ ಚೀಟಿಗಳನ್ನೇ. ಹಣ ಕೊಟ್ಟು ನಿಮ್ಮನ್ನು ಕಾಯುವ ಗುರುತುಗಳನ್ನೇ ಅಳಿಸಿಕೊಳ್ಳಬೇಡಿ, ಆ ತಂತ್ರಾಂಶವನ್ನೇ ತೆಗೆದುಹಾಕಿ.