ರೊಟ್ಟಿ ಬಿರಿದಲ್ಲಿಗೇ ನಿಲ್ಲಿಸು

ತಮ್ಮಾ,

ಲಿಂಗಸುಗೂರಿನಿಂದ ನೀನು ಕಳಿಸಿದ ಕಥೆ ಮುಟ್ಟಿತು, ಎರಡು ಸಲ ಓದಿದೆ. ಈಗಿರುವಂತೆ ನಮ್ಮ ಮಾಸಿಕದಲ್ಲಿ ಹಾಕಲಾರೆ. ಯಾಕೆ ಅಂತ ಬಿಚ್ಚಿ ಹೇಳುತ್ತೇನೆ.

ಬೆಂಗಳೂರಿಗೆ ಗುಳೆ ಹೋದ ಮಗ ಕಟ್ಟಡದಿಂದ ಬಿದ್ದು ತೀರಿಕೊಂಡ ಸುದ್ದಿ ಬಂದಾಗ ‘ಅವ್ವ ಮಾಡ್ಲಿನ್ ಆಗಿ ಕೂತಳು’ ಎಂದು ಬರೆದಿದ್ದೀ. ದುಃಖಕ್ಕೆ ತೂಕದ ಇಂಗ್ಲಿಷ್ ಪದವೊಂದು ಬೇಕೆನಿಸಿರಬೇಕು. ಆದರೆ ಆ ಪದ ಅವ್ವನನ್ನು ಹಂಗಿಸುತ್ತದೆ. ಹದ ಮೀರಿದ ಅಳುಬುರುಕತನಕ್ಕೆ, ಕುಡಿದ ಅಮಲಿನಲ್ಲಿ ತನ್ನ ಪಾಡು ತಾನೇ ಹೇಳಿಕೊಂಡು ಗೊಳೋ ಎನ್ನುವುದಕ್ಕೆ ಇಂಗ್ಲಿಷಿನವರು ಅದನ್ನು ಬಳಸುತ್ತಾರೆ.

ಅದರ ಹುಟ್ಟು ಹೀಗಿರಲಿಲ್ಲ. ಗಲಿಲಿ ಸರೋವರದ ದಂಡೆಯ ಮಗ್ದಲ ಊರಿನ ಮರಿಯ, ಯೇಸುವಿನ ಶಿಷ್ಯೆ, ಅವಳ ಹೆಸರು ಅದು. ಯೇಸುವಿನ ಸಮಾಧಿಯ ಮುಂದೆ ನಿಂತು ಅವಳು ಅತ್ತಳೆಂದು ಬೈಬಲಿನ ಯೋಹಾನನ ಸುವಾರ್ತೆಯಲ್ಲಿದೆ. ಯೇಸುವಿನ ಪಾದಗಳನ್ನು ಕಣ್ಣೀರಿನಲ್ಲಿ ತೋಯಿಸಿದ ಹೆಸರಿಲ್ಲದ ಹೆಣ್ಣೂ ಇವಳೇ ಎಂದು 591ರಲ್ಲಿ ಪೋಪ್ ಗ್ರೆಗರಿ ಹೇಳಿಬಿಟ್ಟರು. ಆಮೇಲೆ ಚಿತ್ರಕಾರರು ಶತಮಾನಗಟ್ಟಲೆ ಅವಳನ್ನು ಅಳುವಂತೆ ಬಿಡಿಸಿದ್ದೇ ಬಿಡಿಸಿದ್ದು. ಊರಿನಿಂದ ಬಂದ ‘ಮ್ಯಾಗ್ಡಲೀನ್’ ಎಂಬ ಅವಳ ಹೆಸರು ಫ್ರೆಂಚರ ಬಾಯಲ್ಲಿ ಸವೆದು, ಇಂಗ್ಲಿಷಿಗೆ ಬಂದು ‘ಮಾಡ್ಲಿನ್’ ಆಯಿತು. 1458ರಲ್ಲಿ ಶುರುವಾದ ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜನ್ನು ಇವತ್ತಿಗೂ ಹಾಗೇ ಕರೆಯುತ್ತಾರೆ. 17ನೇ ಶತಮಾನದಲ್ಲಿ ಅದು ಕುಡುಕರ ಅಳುವಿಗೂ ಅಂಟಿಕೊಂಡಿತು. ನಿಜವಾದ ಸಂಕಟದಲ್ಲಿ ಅತ್ತವಳ ಹೆಸರು, ಪ್ರತಿ ಚಿತ್ರದಲ್ಲೂ ಅತ್ತು ಅತ್ತು ಈ ಗತಿಗೆ ಬಂತಲ್ಲ ಎಂದು ನನಗೆ ಬೇಜಾರು.

ನಿನ್ನ ಅವ್ವನಿಗೂ ಅದೇ ಆಗುತ್ತಿದೆ. ಐದು ಪುಟದಲ್ಲಿ ಹನ್ನೊಂದು ಸಲ ಅಳುತ್ತಾಳೆ, ಎಣಿಸಿದ್ದೇನೆ. ನಾಲ್ಕನೆಯ ಸಲಕ್ಕೆ ನನ್ನ ಮನಸ್ಸು ಕದಲುವುದು ನಿಂತಿತ್ತು.

ಆದರೆ ಮೂರನೇ ಪುಟ! ಫೋನು ಬಂದ ಮೇಲೂ ಅವಳು ಜೋಳದ ರೊಟ್ಟಿ ಬಡಿಯುತ್ತಾಳೆ, ಹಂಚಿಗೆ ಹಾಕುತ್ತಾಳೆ. ನೀರು ಹಚ್ಚುವ ಅರಿವೆ ಕೈಯಲ್ಲೇ ಉಳಿಯುತ್ತದೆ, ರೊಟ್ಟಿ ಒಣಗಿ ಬಿರಿಯುತ್ತದೆ. ಅಲ್ಲಿ ಒಂದು ಹನಿ ಕಣ್ಣೀರಿಲ್ಲ. ಅದನ್ನು ಓದಿ ಪುಟ ಮಗುಚಿಟ್ಟು ಹೊರಗೆ ಹೋಗಿ ನಿಂತೆ, ತಮ್ಮಾ. ಒಳಗೆ ಬಂದು ನೋಡಿದರೆ ಅದರ ಕೆಳಗೇ ‘ಕಣ್ಣೀರ ಕೋಡಿ ಹರಿಯಿತು’! ಅದನ್ನು ಹೊಡೆದು ಹಾಕು.

ಅವ್ವ ಎಲ್ಲಾದರೂ ಒಂದು ಕಡೆ ಅಳಲೇಬೇಕೆಂದರೆ ‘ಕಂಬನಿ’ ಎನ್ನು. ಕಣ್ಣಿನ ಪನಿ ಅದು. ಹಳಗನ್ನಡದ ‘ಪನಿ’ಯೇ ನಮ್ಮ ‘ಹನಿ’. ಆ ಪದದೊಳಗೆ ಕೋಡಿ ಇಲ್ಲ, ಹನಿ ಇದೆ.

ಶಿವರಾತ್ರಿಯೊಳಗೆ ತಿದ್ದಿ ಕಳಿಸು, ಯುಗಾದಿ ಸಂಚಿಕೆಯಲ್ಲಿ ಜಾಗ ಹಿಡಿದಿಟ್ಟಿರುತ್ತೇನೆ.

ಸಂಪಾದಕ
ಕೊಪ್ಪಳ